ಬಿಸಿಲು ಬೇರೆ, ಬಿಸಿ ಬೇರೆ

ಹಿಂದೊಂದು ವರ್ಷ ಫಾಲ್ಗುಣ ಮಾಸದಲ್ಲಿ, ಶಿವರಾತ್ರಿಯ ತೇರಿನ ಗದ್ದಲವೆಲ್ಲ ಅಡಗಿದ ಮೇಲೆ, ಗೋಕರ್ಣಕ್ಕೆ ಸಮೀಪದ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ಕಣ್ಣಾರೆ ನೋಡಬೇಕೆಂಬ ಬಹುದಿನದ ಬಯಕೆಯನ್ನು ತೀರಿಸಿಕೊಳ್ಳುವುದಕ್ಕಾಗಿ ನಾನು ಆ ಸೀಮೆಯಲ್ಲಿರುವ ನಮ್ಮ ಸೋದರತ್ತೆಯವರ ಮನೆಗೆ ಹೋಗಿ ಕೆಲವು ದಿನ ತಂಗಿದ್ದೆ. ಅಘನಾಶಿನಿಯ ಅಳಿವೆಯಿಂದ ಉಬ್ಬರದ ವೇಳೆಯಲ್ಲಿ ಒಳನುಗ್ಗುವ ನೀರನ್ನು ತೂಬುಗಳಲ್ಲಿ ಹಿಡಿದು ನಿಲ್ಲಿಸಿ, ಒಂದು ಪಾತಿಯಿಂದ ಇನ್ನೊಂದು ಪಾತಿಗೆ ಹಾಯಿಸುತ್ತ, ಬಿಸಿಲಿಗೂ ಗಾಳಿಗೂ ಒಪ್ಪಿಸಿ, ಕೊನೆಯ ಪಾತಿಯಲ್ಲಿ ಹರಳುಗಟ್ಟಿದ ಉಪ್ಪನ್ನು ಉದ್ದ ಹಿಡಿಯ ಮರದ ಹಲಗೆಯಿಂದ ಎಳೆದು ಬದುವಿನ ಮೇಲೆ ರಾಶಿಮಾಡುವ ಆ ಕೆಲಸವನ್ನು ನೋಡುತ್ತ ನಿಂತವನಿಗೆ ಹೊತ್ತು ಹೋದದ್ದೇ ತಿಳಿಯದು. ಅಂದು ಆಕಾಶದಲ್ಲಿ ತೆಳುವಾದ ಮೋಡದ ಪರದೆ. ಕಡಲ ಕಡೆಯಿಂದ ತಣ್ಣನೆಯ ಗಾಳಿ. ಮೈಯಲ್ಲಿ ಬೆವರಿನ ಒಂದು ಹನಿಯೂ ಇಲ್ಲ. ‘ಎಂಥ ಹೂಬಿಸಿಲು!’ ಎಂದು ನಾನು ಹಿಗ್ಗಿದೆ. ನಾನು ತೊಟ್ಟದ್ದು ಅರ್ಧ ತೋಳಿನ ಅಂಗಿ, ತಲೆ ಬರಿದು. ಹತ್ತೂವರೆಗೆ ಹೊರಟವನು ಮನೆಗೆ ಮರಳಿದಾಗ ಎರಡು ಗಂಟೆ ದಾಟಿತ್ತು. ಉಂಡು ಮಲಗಿದೆ, ಸುಖವಾದ ನಿದ್ದೆಯೂ ಬಂತು.

ದೀಪ ಹಚ್ಚುವ ಹೊತ್ತಿಗೆ ಮುಂಗೈಯ ಚರ್ಮ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಬಿಗಿಯತೊಡಗಿತು. ರಾತ್ರಿ ಊಟಕ್ಕೆ ಕುಳಿತಾಗ ಕತ್ತಿನ ಹಿಂಭಾಗ ಕೆಂಡದ ಹತ್ತಿರ ಹಿಡಿದಂತಿತ್ತು. ಹಾಸಿಗೆಗೆ ಹೋದ ಮೇಲಂತೂ ಹೊದಿಕೆಯ ಅಂಚು ತಗುಲಿದರೂ ಹಲ್ಲು ಕಚ್ಚುವಂತಾಯಿತು. ನನಗೆ ಬೆರಗೆನಿಸಿದ್ದು ಎರಡು ಸಂಗತಿಗಳು. ಮೊದಲನೆಯದು, ಸೂರ್ಯನು ಮುಳುಗಿ ನಾಲ್ಕು ಗಳಿಗೆಯಾದ ಮೇಲೆ ಅವನ ಬೆಂಕಿ ನನ್ನ ಮೈಮೇಲೆ ಹೊತ್ತಿಕೊಂಡದ್ದು. ಎರಡನೆಯದು, ಗದ್ದದ ಅಡಿಯೂ ಮೂಗಿನ ಕೆಳಭಾಗವೂ, ಎಂದರೆ ಮೇಲಿನ ಬಿಸಿಲು ನೇರವಾಗಿ ಮುಟ್ಟಲಾರದ ಎಡೆಗಳು ಕೂಡ, ಕೆಂಪಗೆ ಬೆಂದಿದ್ದುದು.

ಕನ್ನಡ ಭಾಷೆ ಇಲ್ಲಿ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆಯೆಂದು ನನಗೆ ತೋರುತ್ತದೆ. ಬಿಸಿಲು ಎಂಬ ಮಾತಿನೊಳಗೆ ಬಿಸಿ ಕುಳಿತಿರುವುದರಿಂದ, ಬಿಸಿ ಹತ್ತದ ಕಡೆ ಬಿಸಿಲು ಸುಡದು ಎಂಬ ಭ್ರಾಂತಿ ನಮ್ಮಲ್ಲಿ ಸಹಜವಾಗಿ ಬೇರೂರಿದೆ. ಎಳೆಬಿಸಿಲು, ಉರಿಬಿಸಿಲು, ರಣಬಿಸಿಲು ಎಂದು ಬಿಸಿಲಿಗೆ ನಾವು ಇಟ್ಟಿರುವ ಹೆಸರುಗಳೆಲ್ಲ ಮೈಗೆ ತಾಗುವ ಕಾವಿನಿಂದ ಅಳೆದವು. ಆದರೆ ಚರ್ಮವನ್ನು ಬೇಯಿಸುವುದು ಆ ಕಾವಲ್ಲ. ಬಿಸಿಲಿನೊಳಗೆ ಕಣ್ಣಿಗೆ ಕಾಣದ, ಮೈಗೆ ಬೆಚ್ಚನೆಯೂ ಎನಿಸದ ಬೇರೊಂದು ಬೆಳಕಿದೆ. ಕಾಮನಬಿಲ್ಲಿನ ನೇರಳೆಯ ಅಂಚಿನ ಆಚೆಗೆ, ಏನೂ ಕಾಣದ ಎಡೆಯಲ್ಲಿ, ಬೆಳ್ಳಿಯ ಲವಣವನ್ನು ಲೇಪಿಸಿದ ಕಾಗದವು ಮಿಕ್ಕ ಬಣ್ಣಗಳಲ್ಲಿ ಕಪ್ಪಾಗುವುದಕ್ಕಿಂತ ಬೇಗನೆ ಕಪ್ಪಾಗುವುದನ್ನು 1801ರಲ್ಲಿ ಜರ್ಮನಿಯ ರಿಟ್ಟರ್ ಎಂಬ ವಿಜ್ಞಾನಿ ಕಂಡನು. ಅದೇ ಈಗ ನಾವು ಅತಿನೇರಳೆ ಎಂದು ಕರೆಯುವ ಕಿರಣ. ತೆಳುಮೋಡ ಇದನ್ನು ಅಷ್ಟಾಗಿ ತಡೆಯದು. ತಂಗಾಳಿಗೂ ಇದಕ್ಕೂ ಸಂಬಂಧವೇ ಇಲ್ಲ. ಗಾಳಿ ನಮ್ಮ ಮೈಯ ಕಾವನ್ನು ಒಯ್ದು ಎಚ್ಚರಿಕೆಯ ಗಂಟೆಯನ್ನು ಅಡಗಿಸುತ್ತದೆ, ಅಷ್ಟೆ.

ಬಿಸಿಯೂ ಬಿಸಿಲ ಸುಡುವಿಕೆಯೂ ಬೇರೆ ಬೇರೆಯೆಂಬುದನ್ನು ತನ್ನ ಕೈಗಳ ಮೇಲೆಯೇ ಪರೀಕ್ಷಿಸಿ ನೋಡಿದವನು ಲಂಡನ್ನಿನ ಶಸ್ತ್ರವೈದ್ಯ ಎವರಾರ್ಡ್ ಹೋಮ್. ಕಾಲ 1820ರ ಸುಮಾರು. ಅವನು ಒಂದು ಕೈಯ ಮೇಲ್ಭಾಗವನ್ನು ಬರಿದಾಗಿ ಬಿಸಿಲಿಗೆ ಒಡ್ಡಿ, ಇನ್ನೊಂದರ ಮೇಲೆ ಕರಿಯ ಬಟ್ಟೆಯನ್ನು ಹೊದಿಸಿ, ಅದರ ಅಡಿಯಲ್ಲಿ ಉಷ್ಣಮಾಪಕವನ್ನಿಟ್ಟು ಕುಳಿತನು. ಕರಿಯ ಬಟ್ಟೆ ಕಾವನ್ನು ಹೀರತಕ್ಕದ್ದಷ್ಟೆ. ಅದರ ಕೆಳಗಣ ಕೈಯೇ ಹೆಚ್ಚು ಬಿಸಿಯಾಯಿತು. ಆದರೆ ಸುಟ್ಟದ್ದು ಬರಿಯ ಕೈ. ಬಿಸಿಯಾದ ಕೈಗೆ ಏನೂ ಆಗಲಿಲ್ಲ. ಇಷ್ಟು ಸರಳವಾಗಿ, ಇಷ್ಟು ಅಗ್ಗವಾಗಿ ಪ್ರಕೃತಿಯನ್ನು ಬಾಯಿಬಿಡಿಸಿದ ಪ್ರಯೋಗಗಳು ಹೆಚ್ಚಿಲ್ಲ. (ಇದೇ ಹೋಮ್ ಮಹಾಶಯನು ತನ್ನ ಭಾವನೂ ಗುರುವೂ ಆದ ಜಾನ್ ಹಂಟರನ ಹಸ್ತಪ್ರತಿಗಳನ್ನು 1823ರಲ್ಲಿ ಬೆಂಕಿಗೆ ಹಾಕಿ ಅಪಕೀರ್ತಿಗೆ ಗುರಿಯಾದನು. ಸುಡುವ ವಿಷಯದಲ್ಲಿ ಅವನಿಗೆ ಹಲವು ಬಗೆಯ ಆಸಕ್ತಿ ಇತ್ತೆಂದು ಕಾಣುತ್ತದೆ.) ಆ ಶತಮಾನದ ಕೊನೆಗೆ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ತನ್ನ ಮುಂದೋಳಿನ ಮೇಲೆ ಕಪ್ಪು ಮಸಿಯ ಪಟ್ಟಿಯೊಂದನ್ನು ಬಳಿದುಕೊಂಡು ಬಿಸಿಲಿಗೆ ಕುಳಿತನು. ತರುವಾಯ ಮಸಿಯನ್ನು ತೊಳೆದಾಗ ಪಟ್ಟಿಯ ಅಡಿಯ ಚರ್ಮ ಮೊದಲಿನಂತೆಯೇ ಇತ್ತು. ಅದರ ಎರಡು ಬದಿಯೂ ಕೆಂಪೇರಿತ್ತು. ಬೆಳಕಿನ ಗುಣಾವಗುಣಗಳನ್ನು ಹೀಗೆ ಬೆನ್ನಟ್ಟಿ ಹೋದ ಈತನು ಚರ್ಮದ ಕ್ಷಯಕ್ಕೆ ಬೆಳಕಿನಿಂದಲೇ ಚಿಕಿತ್ಸೆಯನ್ನು ರೂಪಿಸಿ 1903ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು.

ಇನ್ನು ನನ್ನ ಮೊದಲನೆಯ ಬೆರಗಿಗೆ ಸಮಾಧಾನ. ಕಾದ ಬಾಣಲೆಯನ್ನು ಮುಟ್ಟಿದ ಬೆರಳು ಆ ಕ್ಷಣವೇ ಹಿಂದೆ ಸರಿಯುತ್ತದೆ. ಅತಿನೇರಳೆಯ ಪೆಟ್ಟು ಹಾಗಲ್ಲ. ಅದು ಚರ್ಮದ ಜೀವಕಣಗಳ ಒಳತಿರುಳಿಗೆ ಬೀಳುವ ಗುಟ್ಟಿನ ಪೆಟ್ಟು. ನೊಂದ ಕಣಗಳು ಕರೆ ಕಳುಹಿಸಿ, ರಕ್ತನಾಳಗಳು ಹಿಗ್ಗಿ, ರಕ್ತವು ಅಲ್ಲಿಗೆ ಹರಿದು ಬಂದು ಚರ್ಮ ಕೆಂಪೇರಿ ಉರಿಯುವುದಕ್ಕೆ ಸಾಮಾನ್ಯವಾಗಿ ಮೂರರಿಂದ ಐದು ಗಂಟೆ ಬೇಕು; ಆ ಉರಿ ತನ್ನ ತುದಿಯನ್ನು ಮುಟ್ಟುವುದು 12 ರಿಂದ 24 ಗಂಟೆಗಳ ಒಳಗೆ. ಆದ್ದರಿಂದ ಮಧ್ಯಾಹ್ನ ಎರಡು ಗಂಟೆಗೆ ಕನ್ನಡಿ ನೋಡಿಕೊಂಡು ‘ನನಗೇನೂ ಆಗಿಲ್ಲ’ ಎಂದು ನೆಮ್ಮದಿಗೊಳ್ಳುವುದು ಹುಂಬತನ. ಎರಡನೆಯ ಬೆರಗಿಗೆ ಉತ್ತರ ಆಗರದ ನೆಲದಲ್ಲಿಯೇ ಇತ್ತು. ಬಿಳಿಯ ಮೈ ಬೆಳಕನ್ನು ತಿರುಗಿ ಚಿಮ್ಮುತ್ತದೆ. ಹೊಸ ಹಿಮ ನೂರಕ್ಕೆ 80ರಷ್ಟನ್ನೂ, ಕಡಲ ನೊರೆ ಕಾಲುಭಾಗವನ್ನೂ, ಒಣಮರಳು ನೂರಕ್ಕೆ ಹದಿನೈದರಷ್ಟನ್ನೂ ಹಿಂದಕ್ಕೆ ಕಳುಹಿಸುತ್ತವೆಂದು ಲೆಕ್ಕ. ನನ್ನ ಸುತ್ತ ಇದ್ದುದು ಹರಳುಪ್ಪಿನ ಬಿಳುಪು. ಸೂರ್ಯನು ಮೇಲಿನಿಂದ ಒಬ್ಬನು, ಕೆಳಗಿನಿಂದ ಇನ್ನೊಬ್ಬನು.

ಈಗ ಚಿಕಿತ್ಸೆಯ ಮಾತಿಗೆ ಬರುತ್ತೇನೆ. ನರಳಾಟ ಕೇಳಿ ಅತ್ತೆಯವರು ಲಾಟೀನು ಹಿಡಿದು ಬಂದು ನನ್ನ ಕತ್ತನ್ನು ನೋಡಿ, “ಎಂತಾ ಮಾಡ್ಕ್ಯಂಡ್ಯೋ ತಮಾ!” ಎಂದು ಒಂದು ಮಾತು ಉದ್ಗರಿಸಿದವರು, ಆಮೇಲೆ ಬಯ್ಯುವುದಕ್ಕೂ ನಿಲ್ಲದೆ ಬಾವಿಕಟ್ಟೆಗೆ ಹೋದರು. ಬಾವಿಯಿಂದ ಆಗತಾನೆ ಸೇದಿದ ಕೊಡ ಬಂತು. ಒಗೆದೊಗೆದು ಜಾಳಾಗಿ ಮೆತ್ತಗಾಗಿದ್ದ ಹಳೆಯ ಪಂಚೆಯೊಂದನ್ನು ಅವರು ನಾಲ್ಕಾಗಿ ಹರಿದರು. ಹೊಸ ಬಟ್ಟೆಯ ಗಂಜಿ ಚರ್ಮವನ್ನು ಕೆರೆಯುತ್ತದೆಂಬುದು ಅವರ ಅಭಿಪ್ರಾಯ. ತುಂಡನ್ನು ನೀರಿನಲ್ಲಿ ಅದ್ದಿ, ತೊಟ್ಟಿಕ್ಕದಷ್ಟು ಮಾತ್ರ ಹಿಂಡಿ, ಒರಸದೆ, ಉಜ್ಜದೆ, ಕೈಯ ಮೇಲೆ ಸುಮ್ಮನೆ ಹಾಸಿದರು. ಬಟ್ಟೆ ಬೆಚ್ಚಗಾಗುತ್ತಲೂ ತೆಗೆದು ಇನ್ನೊಂದು. ಹೀಗೆ ಕಾಲು ಗಂಟೆ, ಸ್ವಲ್ಪ ಬಿಡುವು, ಮತ್ತೆ ಕಾಲು ಗಂಟೆ. ಆ ಮೊದಲನೆಯ ತುಂಡು ಕತ್ತಿನ ಮೇಲೆ ಬಿದ್ದಾಗ ನನ್ನ ಬಾಯಿಂದ ಹೊರಟ ಉಸಿರು ಪಕ್ಕದ ಕೋಣೆಗೂ ಕೇಳಿಸಿತಂತೆ.

ನೀರು ತಣ್ಣಗಿರಬೇಕು, ಕೊರೆಯಬಾರದು. ಬೆಂದ ಚರ್ಮದ ಮೇಲೆ ಮಂಜುಗಡ್ಡೆಯನ್ನಿಡುವ ಪಟ್ಟಣದ ಆತುರ ತಪ್ಪು; ಅತಿಶೀತವೂ ಚರ್ಮವನ್ನು ಕೊಲ್ಲುವ ಇನ್ನೊಂದು ವಿಧವೇ ಆದ್ದರಿಂದ ಮೊದಲೇ ನೊಂದದ್ದು ಮತ್ತೂ ನೋಯುತ್ತದೆ. ತಣ್ಣೀರಿನ ಸ್ನಾನ ಒಳ್ಳೆಯದು. ಆದರೆ ಸಾಬೂನು, ಸೀಗೆಪುಡಿ, ಕಡಲೆಹಿಟ್ಟು ಮೊದಲಾದ ಉಜ್ಜುವ ಪದಾರ್ಥಗಳೆಲ್ಲಕ್ಕೂ ಅಂದು ರಜಾ. ಮಿಂದ ಮೇಲೆ ಮೈಯನ್ನು ಒರಸದೆ ಒತ್ತಿ ಆರಿಸಿಕೊಂಡು, ಪಸೆ ಇನ್ನೂ ಇರುವಾಗಲೇ ಲೋಳೆಸರವನ್ನೋ, ವೈದ್ಯರು ಒಪ್ಪುವ ಯಾವುದಾದರೊಂದು ಸುಗಂಧವಿಲ್ಲದ ತೆಳುಲೇಪವನ್ನೋ ಹಚ್ಚತಕ್ಕದ್ದು. ಔಷಧದ ಅಂಗಡಿಯಲ್ಲಿ ದೊರೆಯುವ ನಸುಗೆಂಪಿನ ಕ್ಯಾಲಮೈನ್ ದ್ರಾವಣವೂ ಉರಿಯನ್ನು ಹಿತವಾಗಿ ತಗ್ಗಿಸುತ್ತದೆ.

ಲೋಳೆಸರದ ವಿಷಯದಲ್ಲಿ ಅತ್ತೆಯವರ ಕೈಚಳಕವನ್ನು ಹೇಳಲೇಬೇಕು. ಹಿತ್ತಲಿನ ಗಿಡದ ಬುಡದಿಂದ ದಪ್ಪನೆಯ ಎಲೆಯೊಂದನ್ನು ಕೊಯ್ದು ತಂದ ಅವರು ಅದನ್ನು ಒಡನೆಯೇ ಸೀಳಲಿಲ್ಲ. ಕೊಯ್ದ ಬಾಯಿ ಕೆಳಗಾಗುವಂತೆ ಲೋಟದಲ್ಲಿ ನಿಲ್ಲಿಸಿ ಬೇರೆ ಕೆಲಸಕ್ಕೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಲೋಟದ ತಳದಲ್ಲಿ ಅರಿಸಿನ ಬಣ್ಣದ ಕಹಿಯಾದ ರಸ ಇಳಿದಿತ್ತು. ಅದನ್ನು ಬತ್ತಿಸಿದರೆ ಮುಸಬ್ಬರ. ಅದು ಕೆಲವರ ಚರ್ಮಕ್ಕೆ ತುರಿಕೆಯನ್ನು ತರುತ್ತದೆ. ಆ ರಸವನ್ನು ಚೆಲ್ಲಿ, ಎಲೆಯನ್ನು ತೊಳೆದು, ಮುಳ್ಳಿನ ಅಂಚುಗಳನ್ನು ಹೆರೆದು, ಮೇಲಿನ ಹಸುರು ಸಿಪ್ಪೆಯನ್ನು ಸುಲಿದಾಗ ಒಳಗೆ ಉಳಿದದ್ದು ನೀರಿನಂತೆ ನಿರ್ಮಲವಾದ ಲೋಳೆ. ಅದನ್ನು ಮೊದಲು ನನ್ನ ಮೊಣಕೈಯ ಒಳಬದಿಯಲ್ಲಿ ಚೂರು ಸವರಿ, ಏನೂ ಆಗದೆಂದು ಖಚಿತಪಡಿಸಿಕೊಂಡ ಮೇಲೆಯೇ ಉಳಿದೆಡೆಗೆ ಹಚ್ಚಿದರು. ಲೋಳೆಸರವು ಸುಟ್ಟದ್ದನ್ನು ಬೇಗ ಮಾಗಿಸುತ್ತದೆಂದು ನಾನು ಪ್ರಮಾಣ ಮಾಡಲಾರೆ. ತಂಪು ಕೊಡುತ್ತದೆ, ಪಸೆ ಉಳಿಸುತ್ತದೆ ಎಂಬುದಕ್ಕೆ ನನ್ನ ಕತ್ತೇ ಸಾಕ್ಷಿ.

ಇಷ್ಟಾಗುವಾಗ ಪಕ್ಕದ ಮನೆಯ ಅಜ್ಜಿಯೊಬ್ಬರು ಮುರುಗಲ ತುಪ್ಪದ ಗಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ಮುರುಗಲ ಬೀಜದಿಂದ ತೆಗೆದ ಈ ಜಿಡ್ಡು ಹಿಮ್ಮಡಿಯ ಒಡಕಿಗೆ ಆ ಸೀಮೆಯ ಹೆಸರಾಂತ ಮದ್ದು. ಅತ್ತೆಯವರು ಅದನ್ನು ಆದರದಿಂದ ತೆಗೆದುಕೊಂಡು ಗೂಡಿನಲ್ಲಿಟ್ಟು, “ಇವತ್ತು ಬೇಡ, ನಾಲ್ಕು ದಿನ ಹೋಗಲಿ” ಎಂದರು. ಅಜ್ಜಿಗೆ ಅಸಮಾಧಾನವಾಯಿತೆಂದು ತೋರುತ್ತದೆ. ಆದರೆ ನ್ಯಾಯ ಅತ್ತೆಯವರ ಕಡೆಗಿತ್ತು. ಹೊಸದಾಗಿ ಸುಟ್ಟ ಚರ್ಮ ಕಾವನ್ನು ಹೊರಗೆ ಬಿಡಲು ಹವಣಿಸುತ್ತಿರುವಾಗ ಅದರ ಮೇಲೆ ತುಪ್ಪ, ಬೆಣ್ಣೆ, ಕೊಬ್ಬರಿ ಎಣ್ಣೆ ಮೊದಲಾದ ದಪ್ಪ ಜಿಡ್ಡನ್ನು ಮೆತ್ತುವುದು ಕುದಿಯುವ ಪಾತ್ರೆಗೆ ಮುಚ್ಚಳ ಬಿಗಿದಂತೆ. ಉರಿ ಆರಿ ಚರ್ಮ ಒಣಗತೊಡಗಿದ ಮೇಲೆ ಅದೇ ಜಿಡ್ಡು ಅಮೃತ. ನಮ್ಮ ಆಯುರ್ವೇದದವರು ಇದನ್ನು ತಿಳಿದೇ ಇದ್ದರೇನೋ: ಅವರ ಶತಧೌತಘೃತವೆಂಬುದು ಹಸುವಿನ ತುಪ್ಪವನ್ನು ತಾಮ್ರದ ಪಾತ್ರೆಯಲ್ಲಿ ನೂರು ಬಾರಿ ನೀರೆರೆದು ಕಡೆದು ತೊಳೆದು ಮಾಡಿದ್ದು, ಆ ವೇಳೆಗೆ ಅದರಲ್ಲಿ ತುಪ್ಪದ ವಾಸನೆಯೂ ಅಂಟೂ ಹೋಗಿ, ನೀರನ್ನು ತನ್ನೊಳಗೆ ಹಿಡಿದ ಬೆಳ್ಳನೆಯ ಹಗುರವಾದ ಲೇಪವೊಂದು ಉಳಿಯುತ್ತದೆ. ನೂರು ಬಾರಿ ತೊಳೆಯುವ ವ್ಯವಧಾನ ಈಗ ಯಾರಿಗಿದೆಯೋ ಕಾಣೆ.

ಮಜ್ಜಿಗೆಯನ್ನು ಮೈಗೆ ಸವರುವವರೂ ಉಂಟು. ತಣ್ಣಗಿರುವುದರಿಂದ ಹಿತವೇನೋ ಆಗುತ್ತದೆ; ಆದರೆ ಗುಳ್ಳೆ ಒಡೆದ ಎಡೆಗೆ ಅದು ಸಲ್ಲದು. ನನ್ನನ್ನು ಕೇಳಿದರೆ ಮಜ್ಜಿಗೆಗೆ ಯೋಗ್ಯವಾದ ಸ್ಥಾನ ಹೊಟ್ಟೆ. ಸುಟ್ಟ ಚರ್ಮ ಮೈಯ ನೀರನ್ನು ತನ್ನೆಡೆಗೆ ಸೆಳೆದುಕೊಳ್ಳುವುದರಿಂದ ಎರಡು ಮೂರು ದಿನ ಬಾಯಾರದಿದ್ದರೂ ಕುಡಿಯುತ್ತಿರಬೇಕು: ನೀರು, ಉಪ್ಪು ಹಾಕಿದ ನೀರುಮಜ್ಜಿಗೆ, ಎಳನೀರು, ರಾಗಿ ಅಂಬಲಿ, ಯಾವುದಾದರೂ ಸರಿ. ಅತ್ತೆಯವರ ಮನೆಯಲ್ಲಿ ನನಗೆ ದೊರೆತದ್ದು ಮುರುಗಲ ಹಣ್ಣಿನ ಪಾನಕ. ಸುಟ್ಟುಕೊಂಡದ್ದಕ್ಕೆ ದೊರೆತ ಏಕಮಾತ್ರ ಲಾಭ.

ನಿಂಬೆರಸದ ವಿಷಯದಲ್ಲಿ ಮಾತ್ರ ಕಟುವಾಗಿ ಹೇಳಬೇಕಾಗಿದೆ. ಬಿಸಿಲಿಗೆ ಕಪ್ಪಾದ ಮೈಯನ್ನು ನಿಂಬೆ ಬೆಳ್ಳಗೆ ಮಾಡುತ್ತದೆಂಬ ನಂಬಿಕೆಯಿಂದ ಹೋಳನ್ನು ಮುಖಕ್ಕೆ ಉಜ್ಜಿಕೊಳ್ಳುವವರನ್ನು ನಾನು ಕಂಡಿದ್ದೇನೆ. ನಿಂಬೆಯಲ್ಲಿರುವ ಕೆಲವು ದ್ರವ್ಯಗಳು ಚರ್ಮದ ಮೇಲಿದ್ದಾಗ ಬಿಸಿಲು ತಗುಲಿದರೆ ಬಿಸಿಲಿನ ಪೆಟ್ಟು ಹಲವು ಪಾಲು ಹೆಚ್ಚಿ, ಗುಳ್ಳೆಗಳೆದ್ದು, ತಿಂಗಳುಗಟ್ಟಲೆ ಮಾಸದ ಕಂದುಕಲೆ ಉಳಿಯುತ್ತದೆ. ಬೆಳ್ಳಗಾಗಲು ಹೊರಟವರು ಚಿತ್ತಾರ ಬರೆಸಿಕೊಂಡು ಬರುತ್ತಾರೆ. ಹಲ್ಲುಜ್ಜುವ ಪೇಸ್ಟನ್ನು ಹಚ್ಚುವುದೂ ಇದೇ ಜಾತಿಯ ಅವಿವೇಕ.

ನೋವು ತಡೆಯಲಾರದಷ್ಟಾದರೆ ಪ್ಯಾರಸಿಟಮಾಲ್ ಗುಳಿಗೆಯನ್ನು ತಕ್ಕ ಪ್ರಮಾಣದಲ್ಲಿ ನುಂಗಬಹುದು. ಐಬುಪ್ರೊಫೆನ್ ಮೊದಲ ದಿನವೇ ತೆಗೆದುಕೊಂಡರೆ ಊತವನ್ನೂ ಸ್ವಲ್ಪ ಇಳಿಸುತ್ತದೆ; ಆದರೆ ಹೊಟ್ಟೆಯಲ್ಲಿ ಹುಣ್ಣಿರುವವರು, ಮೂತ್ರಪಿಂಡದ ರೋಗಿಗಳು, ಗರ್ಭಿಣಿಯರು ವೈದ್ಯರನ್ನು ಕೇಳದೆ ಅದರ ತಂಟೆಗೆ ಹೋಗಬಾರದು. ಮಕ್ಕಳಿಗೆ ಆಸ್ಪಿರಿನ್ ಕೊಡಲೇಕೂಡದು.

ಎರಡನೆಯ ದಿನ ನನ್ನ ಕತ್ತಿನ ಮೇಲೆ ಸಾಸಿವೆ ಕಾಳಿನಿಂದ ಕಡಲೆ ಕಾಳಿನವರೆಗೆ ಹತ್ತಾರು ಗುಳ್ಳೆಗಳೆದ್ದವು. ಅವುಗಳನ್ನು ಸೂಜಿಯಿಂದ ಚುಚ್ಚಿ ನೀರು ತೆಗೆಯಬೇಕೆಂಬ ಚಪಲ ಮನುಷ್ಯನಿಗೆ ಏಕೆ ಅಷ್ಟು ಬಲವಾಗಿದೆಯೋ ತಿಳಿಯದು, ನನಗೂ ಇತ್ತು. ಗುಳ್ಳೆಯ ಮೇಲಿನ ಪೊರೆಯಷ್ಟು ಶುಚಿಯಾದ, ಅಳತೆಗೆ ಸರಿಯಾದ ಪಟ್ಟಿಯನ್ನು ಯಾವ ಆಸ್ಪತ್ರೆಯೂ ಕಟ್ಟಲಾರದು. ತಾನಾಗಿ ಒಡೆದರೆ ಶುದ್ಧವಾದ ನೀರಿನಿಂದ ತೊಳೆದು, ವ್ಯಾಸಲೀನನ್ನು ತೆಳುವಾಗಿ ಸವರಿ, ಅಂಟದ ಬಟ್ಟೆಯಿಂದ ಸಡಿಲವಾಗಿ ಮುಚ್ಚಿದರೆ ಸಾಕು. ಆದರೆ ಗುಳ್ಳೆಗಳು ಬೆನ್ನೆಲ್ಲ ಹರಡಿದ್ದರೆ, ಕೀವು ಕಟ್ಟಿದರೆ, ಜ್ವರ ಬಂದು ಮೈ ನಡುಗಿದರೆ, ವಾಂತಿಯಾದರೆ, ಕಣ್ಣು ತೆರೆಯಲಾರದಷ್ಟು ನೋಯುತ್ತಿದ್ದರೆ, ಸುಟ್ಟದ್ದು ಹಸುಳೆಯ ಮೈಯಾದರೆ, ಮನೆಮದ್ದಿನ ಅಧಿಕಾರ ಅಲ್ಲಿಗೆ ಮುಗಿಯಿತು, ವೈದ್ಯರಲ್ಲಿಗೆ ಹೋಗತಕ್ಕದ್ದು. ಬಿಸಿಲಲ್ಲಿದ್ದವನ ಮಾತು ತೊದಲಿ ಬುದ್ಧಿ ಮಂಕಾದರಂತೂ ಅದು ಚರ್ಮದ ಮಾತಲ್ಲ, ಪ್ರಾಣದ ಮಾತು: ನೆರಳಿಗೆ ಒಯ್ದು, ಮೈಗೆ ನೀರೆರೆದು ಗಾಳಿ ಬೀಸುತ್ತಲೇ ವಾಹನಕ್ಕೆ ಹೇಳಿಕಳುಹಿಸಬೇಕು. ಇನ್ನೊಂದು ಸಂಗತಿ: ಟೆಟ್ರಾಸೈಕ್ಲಿನ್ ಜಾತಿಯ ಔಷಧಗಳನ್ನೋ, ಮೂತ್ರ ಹೆಚ್ಚಿಸುವ ಕೆಲವು ರಕ್ತದೊತ್ತಡದ ಗುಳಿಗೆಗಳನ್ನೋ ತೆಗೆದುಕೊಳ್ಳುವವರ ಚರ್ಮ ಸ್ವಲ್ಪ ಬಿಸಿಲಿಗೂ ಸುಡುತ್ತದೆ, ಅಂಥವರು ವೈದ್ಯರೊಡನೆ ಅದನ್ನು ಮಾತಾಡಿಕೊಳ್ಳಬೇಕು.

ನಮ್ಮದು ಕಂದು ಮೈ, ನಮಗೇಕೆ ಈ ಬಾಧೆ ಎಂದು ಕೇಳುವವರಿದ್ದಾರೆ. ಚರ್ಮದ ಕಪ್ಪು ಒಂದು ಕೊಡೆ ನಿಜ. ಆದರೆ ಯಾವ ಕೊಡೆಯೂ ಎಲ್ಲ ಮಳೆಯನ್ನೂ ತಡೆಯದು. ಕಪ್ಪು ಮೈಯಲ್ಲಿ ಕೆಂಪು ಕಾಣದೆ ಹೋಗುವುದರಿಂದ ಸುಟ್ಟದ್ದು ಗೊತ್ತಾಗುವುದೇ ತಡವಾಗಿ, ಉರಿಯಿಂದ, ಬಿಗಿತದಿಂದ. ಅದೂ ಅಲ್ಲದೆ ನಾವಿರುವುದು ಸೂರ್ಯನ ನೇರ ಅಡಿಯಲ್ಲಿ. ಏಪ್ರಿಲ್ 24ರ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ನಡುಹಗಲು ನೆಟ್ಟ ಕೋಲಿಗೆ ನೆರಳೇ ಬೀಳುವುದಿಲ್ಲ. ಗೋಕರ್ಣಕ್ಕೆ ಆ ದಿನ ಬರುವುದು ಏಪ್ರಿಲ್ ಮುಗಿಯುವ ಹೊತ್ತಿಗೆ, ಬೀದರಿಗೆ ಮೇ ತಿಂಗಳ ಎರಡನೆಯ ವಾರದಲ್ಲಿ. ಗಡಿಯಾರವಿಲ್ಲದವರಿಗೂ ದೊರೆಯುವ ಅಳತೆ ಇದು: ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವಷ್ಟು ಹೊತ್ತೂ ಬಿಸಿಲು ಸುಡುವ ಬಿಸಿಲೇ, ಗಾಳಿ ಎಷ್ಟೇ ತಂಪಾಗಿರಲಿ.

ಆಗರದಲ್ಲಿ ದುಡಿಯುತ್ತಿದ್ದವರನ್ನು ನಾನು ಅಂದು ಕಂಡೂ ಕಾಣದೆ ಹೋಗಿದ್ದೆ. ಗಂಡಸರು ಮಣಿಕಟ್ಟಿನವರೆಗೆ ಬರುವ ಹಳೆಯ ಅಂಗಿ ತೊಟ್ಟು ತಲೆಗೂ ಕಿವಿಗೂ ಕೂಡಿ ಟವಲು ಸುತ್ತಿದ್ದರು. ಹೆಂಗಸರು ಸೀರೆಯ ಮೇಲೆ ಗಂಡಸರ ಉದ್ದ ತೋಳಿನ ಅಂಗಿಯನ್ನು ಹಾಕಿ ಸೆರಗನ್ನು ಗದ್ದದ ಅಡಿಯಲ್ಲಿ ಬಿಗಿದಿದ್ದರು. ಇಂಥ ಹೂಬಿಸಿಲಿಗೆ ಇವರೇಕೆ ಇಷ್ಟು ಹೊದ್ದಿದ್ದಾರೆಂದು ನಾನು ಅಚ್ಚರಿಪಟ್ಟು, ನನ್ನ ಅರ್ಧ ತೋಳಿನ ಜಾಣ್ಮೆಗೆ ಮೆಚ್ಚಿಕೊಂಡಿದ್ದೆನಲ್ಲ! ಗದ್ದದ ಅಡಿಯ ಆ ಗಂಟಿನ ಅರ್ಥ ನನಗೆ ಹೊಳೆದದ್ದು ಹಾಸಿಗೆಯಲ್ಲಿ ಮಲಗಿ ಸೂರು ನೋಡುತ್ತಿದ್ದಾಗ.

ಐದನೆಯ ದಿನ ಉರಿ ಹೋಗಿ ತುರಿಕೆ ಬಂತು. ಮೂಗಿನ ಮೇಲೆ ಈರುಳ್ಳಿಯ ಸಿಪ್ಪೆಯಂಥ ಪೊರೆ ಏಳತೊಡಗಿತು. ಅದನ್ನು ಕೀಳಬಾರದು, ಅಡಿಯ ಚರ್ಮ ಸಿದ್ಧವಾದಾಗ ಅದು ತಾನೇ ಉದುರುತ್ತದೆ. ಅತ್ತೆಯವರು ಗೂಡಿನಿಂದ ಮುರುಗಲ ತುಪ್ಪವನ್ನು ತೆಗೆದು, ಅಂಗೈಯಲ್ಲಿ ಕರಗಿಸಿ ಸವರಿದರು. ಅಜ್ಜಿಯೂ ಬಂದು ನೋಡಿ ತೃಪ್ತರಾದರು. ನಾನು ಊರಿಗೆ ಹೊರಡುವಾಗ ಕೈಗಡಿಯಾರವನ್ನು ಕಟ್ಟಿಕೊಳ್ಳಹೋಗಿ ಕಂಡೆ: ಕಂದಿದ ಮಣಿಕಟ್ಟಿನ ನಡುವೆ, ಗಡಿಯಾರದ ಪಟ್ಟಿ ಇದ್ದ ಎಡೆಯಲ್ಲಿ, ಫಿನ್ಸೆನ್ನನ ಮಸಿಯ ಗೆರೆಯ ಹಾಗೆ ಒಂದು ತಿಳಿಬಣ್ಣದ ಬಳೆ ಉಳಿದಿತ್ತು. ಅದು ಮಾಸುವ ವೇಳೆಗೆ ಆಷಾಢದ ಮಳೆ ಹಿಡಿದಿತ್ತು.